ಹತ್ತಡಿಯಿಂದ ಬಿದ್ದವನನ್ನು 'ಮೆಟ್ಟಿಲಲ್ಲಿ ಜಾರಿದ' ಅನ್ನಬೇಡಿ

ಮೈಸೂರಿನ ಬೋಗಾದಿ ಕಡೆ, ಶ್ರೀರಾಂಪುರದ ಕಡೆ ಒಂದು ಸುತ್ತು ಹೋದರೆ ಎಲ್ಲೋ ಒಂದು ಮನೆ ಏಳುತ್ತಲೇ ಇರುತ್ತದೆ. ಸರ್ವೆ ಕಂಬದ ಸಾರುವೆ, ಅದಕ್ಕೆ ಹಗ್ಗದ ಕಟ್ಟು, ಮೇಲೊಂದು ಹಲಗೆ. ಆ ಹಲಗೆ ಮೇಲೆ ನಿಂತು ಗಾರೆ ಮೆತ್ತುವವನ ತಲೆಗೆ ಹೆಲ್ಮೆಟ್ ಇಲ್ಲ, ಸೊಂಟಕ್ಕೆ ಬೆಲ್ಟ್ ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ ಇದ್ದರೆ ಅದೇ ಜಾಸ್ತಿ. ಇವನು ಬಿದ್ದರೆ ಮೈಗೆ ಏನಾಗುತ್ತದೆ ಅನ್ನುವುದು ಅರ್ಧ ಕಥೆ. ಜೊತೆಗಿದ್ದವರು ಆಸ್ಪತ್ರೆಯಲ್ಲಿ ಏನು ಹೇಳುತ್ತಾರೆ ಅನ್ನುವುದು ಇನ್ನರ್ಧ.

ಮೊದಲು ಬೀಳುವ ಲೆಕ್ಕ ನೋಡೋಣ. ಹತ್ತಡಿ ಅಂದರೆ ಸುಮಾರು 3 ಮೀಟರ್, ಅಂದರೆ ಒಂದು ಅಂತಸ್ತಿನ ಮೋಲ್ಡ್ ಎತ್ತರ. ಅಲ್ಲಿಂದ ನೆಲಕ್ಕೆ ಬರಲು 0.8 ಸೆಕೆಂಡ್ ಕೂಡ ಬೇಕಿಲ್ಲ. ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಇಷ್ಟೇನಾ, ನಮ್ಮ ಸ್ಕೂಟರ್ ಅದಕ್ಕಿಂತ ಜೋರಾಗಿ ಹೋಗುತ್ತದಲ್ವಾ ಅನ್ನಿಸಬಹುದು. ಆದರೆ ಪೆಟ್ಟು ಎಷ್ಟು ಬೀಳುತ್ತದೆ ಅನ್ನುವುದಕ್ಕೆ ವೇಗ ಒಂದೇ ಸಾಲದು, ಆ ವೇಗ ಎಷ್ಟು ದೂರದಲ್ಲಿ ಸೊನ್ನೆಯಾಯಿತು ಅನ್ನುವುದೂ ಬೇಕು. ಮರಳಿನ ಗುಡ್ಡೆ ಮೇಲೆ ಬಿದ್ದು, ಮಂಡಿ ಮಡಚಿ, 30 ಸೆಂಟಿಮೀಟರ್‌ನಲ್ಲಿ ಮೈ ನಿಂತರೆ ಸರಾಸರಿ ಹೊಡೆತ ನಮ್ಮ ತೂಕದ ಸುಮಾರು ಹತ್ತು ಪಟ್ಟು. ಕಾಂಕ್ರೀಟ್ ಮೇಲೆ ಕಾಲು ನೆಟ್ಟಗಿಟ್ಟುಕೊಂಡು ಬಿದ್ದು ಬರೀ 3 ಸೆಂಟಿಮೀಟರ್‌ನಲ್ಲಿ ನಿಂತರೆ? ಸುಮಾರು ನೂರು ಪಟ್ಟು. ಎತ್ತರ ಅದೇ, ಮನುಷ್ಯ ಅವನೇ. (ಹೆಲ್ಮೆಟ್ ಒಳಗೆ ಪಟ್ಟಿ ಕಟ್ಟಿ ತಲೆಗೂ ಚಿಪ್ಪಿಗೂ ನಡುವೆ ಜಾಗ ಬಿಟ್ಟಿರುವುದು ಗಾಳಿ ಆಡಲಿ ಅಂತ ಮಾತ್ರ ಅಲ್ಲ. ಮೇಲಿಂದ ಬಿದ್ದ ಇಟ್ಟಿಗೆಗೆ ನಿಲ್ಲಲು ಒಂದಿಷ್ಟು ದೂರ ಸಿಗಲಿ ಅಂತ.)

ನಿಂತ ಹಾಗೇ ಕಾಲೂರಿ ಬಿದ್ದವನ ಹೊಡೆತ ಹಿಮ್ಮಡಿಯಿಂದ ಶುರುವಾಗುತ್ತದೆ. ಹಿಮ್ಮಡಿ ಮೂಳೆಯ ಒಳಭಾಗ ಗಟ್ಟಿ ಕಲ್ಲಿನ ಹಾಗಿಲ್ಲ, ಸಣ್ಣ ಸಣ್ಣ ಪೊಳ್ಳುಗಳ ಜಾಲ. ಅದರ ಮೇಲಿರುವ ಮೂಳೆ, ಮರಕ್ಕೆ ಬೆಣೆ ಹೊಡೆದ ಹಾಗೆ, ಒಳಗೆ ಇಳಿದು ಅದನ್ನು ಒಡೆದುಬಿಡುತ್ತದೆ. ಉಳಿದ ಹೊಡೆತ ಮೊಣಕಾಲು, ಸೊಂಟ ದಾಟಿ ಬೆನ್ನಿಗೆ ಏರುತ್ತದೆ. ಎದೆಗೂಡಿನ ಪಕ್ಕೆಲುಬುಗಳು ಬೆನ್ನಿನ ಮೇಲ್ಭಾಗವನ್ನು ಬಿಗಿಯಾಗಿ ಹಿಡಿದಿರುತ್ತವೆ, ಕೆಳಗಿನ ಭಾಗ ಬಾಗುತ್ತದೆ. ಈ ಎರಡೂ ಸೇರುವ ಜಾಗದಲ್ಲೇ ಬೆನ್ನುಮೂಳೆ ನಜ್ಜುಗುಜ್ಜಾಗುವುದು ಜಾಸ್ತಿ. ಹಿಮ್ಮಡಿ ಹೀಗೆ ಮುರಿದ ಹತ್ತರಲ್ಲಿ ಸುಮಾರು ಒಬ್ಬರಿಗೆ ಬೆನ್ನುಮೂಳೆಯೂ ಮುರಿದಿರುತ್ತದೆ ಅಂತ ವೈದ್ಯಕೀಯ ಪಠ್ಯಗಳು ಎಚ್ಚರಿಸುತ್ತವೆ.

ತಪ್ಪಾಗುವುದು ಇಲ್ಲೇ. ಹಿಮ್ಮಡಿ ಬಾತು, ನೀಲಿಗಟ್ಟಿ, ಮುಟ್ಟಿದರೆ ಕಿರುಚುವಷ್ಟು ನೋವು. ಆ ನೋವಿನ ಮುಂದೆ ಬೆನ್ನಿನ ನೋವು ಗಾಯಾಳುವಿಗೇ ಗೊತ್ತಾಗುವುದಿಲ್ಲ. ಡಾಕ್ಟರು ಕಾಲಿನ ಎಕ್ಸ್‌ರೇ ತೆಗೆಸುತ್ತಾರೆ, ಮುರಿತ ಕಾಣುತ್ತದೆ. ಹುಡುಕುತ್ತಿದ್ದುದು ಸಿಕ್ಕಿತಲ್ಲ ಅಂತ ಮನಸ್ಸು ಅಲ್ಲಿಗೇ ನಿಂತುಬಿಡುತ್ತದೆ. ಒಂದು ಸಿಕ್ಕ ಮೇಲೆ ಎರಡನೆಯದನ್ನು ಹುಡುಕದೇ ಇರುವುದು ಎಕ್ಸ್‌ರೇ ಓದುವ ತಜ್ಞರಲ್ಲೂ ಕಂಡುಬರುವ ದೋಷ. ದಡ್ಡತನ ಅಲ್ಲ, ಮೆದುಳು ಕೆಲಸ ಮಾಡುವ ರೀತಿಯೇ ಹಾಗೆ.

ಇದಕ್ಕೆ ನಾವೂ ಕೈ ಜೋಡಿಸುತ್ತೇವೆ. ಬಿದ್ದವನನ್ನು ಕೆ.ಆರ್. ಆಸ್ಪತ್ರೆಗೆ ತಂದಿರಲಿ, ಮಂಡ್ಯದ ಯಾವುದೋ ನರ್ಸಿಂಗ್ ಹೋಮಿಗೆ ತಂದಿರಲಿ, ಮಾತಾಡುವವನು ಬಿದ್ದವನಲ್ಲ, ಮೇಸ್ತ್ರಿ. ಪೊಲೀಸ್ ಕೇಸ್ ಆದರೆ? ಮನೆ ಓನರ್ ಬೈದರೆ? ಕೆಲಸ ನಿಂತರೆ? ಅದಕ್ಕೇ 'ಮೆಟ್ಟಿಲಲ್ಲಿ ಜಾರಿದ ಸಾರ್' ಅಂದುಬಿಡುತ್ತಾನೆ. ಮೆಟ್ಟಿಲಲ್ಲಿ ಜಾರಿದವನ ಬೆನ್ನನ್ನು ಯಾರು ಸ್ಕ್ಯಾನ್ ಮಾಡುತ್ತಾರೆ ಹೇಳಿ? ಆಮೇಲೆ ಕಾಲು ಜೋಮು ಹಿಡಿದು, ಮೂತ್ರ ಕಟ್ಟಿಕೊಂಡಾಗ ಡಾಕ್ಟರನ್ನು ಬೈಯುತ್ತೇವೆ. ಡಾಕ್ಟರದ್ದು ಏನೂ ತಪ್ಪಿಲ್ಲ ಅಂತ ನಾನು ಹೇಳುತ್ತಿಲ್ಲ. ಹಿಮ್ಮಡಿ ಹಾಗೆ ಪುಡಿಯಾಗಬೇಕಾದರೆ ಸಾಮಾನ್ಯವಾಗಿ ಎತ್ತರದಿಂದಲೇ ಬಿದ್ದಿರಬೇಕು. ಅನುಭವ ಇರುವ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿದ ಕೂಡಲೇ 'ನಿಜ ಹೇಳ್ರೀ, ಎಲ್ಲಿಂದ ಬಿದ್ದ?' ಅಂತ ಕೇಳುತ್ತಾರೆ. ಆದರೆ ರಾತ್ರಿ ಪಾಳಿಯಲ್ಲಿ, ಸಾಲುಗಟ್ಟಿ ನಿಂತ ರೋಗಿಗಳ ನಡುವೆ ಆ ಪ್ರಶ್ನೆ ತಪ್ಪಿಹೋಗಬಹುದು.

ಗಾಯಾಳುವನ್ನು ನೋಡುವುದಕ್ಕೂ ಒಂದು ಕ್ರಮ ಬೇಕು ಅಂತ ಜಗತ್ತಿಗೆ ಗೊತ್ತಾಗಿದ್ದು ಒಂದು ಅಪಘಾತದಿಂದ. 1976ರ ಫೆಬ್ರವರಿಯಲ್ಲಿ ಜೇಮ್ಸ್ ಸ್ಟೈನರ್ ಅನ್ನುವ ಅಮೆರಿಕದ ಮೂಳೆ ಸರ್ಜನ್ ಓಡಿಸುತ್ತಿದ್ದ ಪುಟ್ಟ ವಿಮಾನ ನೆಬ್ರಾಸ್ಕಾದ ಹೊಲದಲ್ಲಿ ಬಿತ್ತು. ಹೆಂಡತಿ ಸತ್ತರು, ಮಕ್ಕಳಿಗೆ ಪೆಟ್ಟಾಯಿತು. ಹತ್ತಿರದ ಆಸ್ಪತ್ರೆಯಲ್ಲಿ ನಡೆದ ಚಿಕಿತ್ಸೆ ನೋಡಿ ಅವರು ದಂಗಾದರು. ಅವರೂ ಅವರ ಜೊತೆಯವರೂ ರೂಪಿಸಿದ ತರಬೇತಿ 1978ರಲ್ಲಿ ಶುರುವಾಯಿತು, ಇವತ್ತು ಭಾರತದಲ್ಲೂ ಇದೆ. ಅದರ ತಿರುಳು ಇಷ್ಟು: ಕಣ್ಣಿಗೆ ರಾಚುವ ಗಾಯದಿಂದ ಶುರು ಮಾಡಬೇಡಿ. ಮೊದಲು ಉಸಿರಿನ ದಾರಿ, ಜೊತೆಗೆ ಕುತ್ತಿಗೆ ಅಲ್ಲಾಡದ ಹಾಗೆ ಹಿಡಿಯುವುದು, ಆಮೇಲೆ ಉಸಿರಾಟ, ರಕ್ತದ ಓಟ, ಪ್ರಜ್ಞೆ. ಇದೆಲ್ಲ ಆದ ಮೇಲೆ ತಲೆಯಿಂದ ಕಾಲಿನವರೆಗೆ ಪೂರ್ತಿ ಪರೀಕ್ಷೆ. ಒಳ್ಳೆಯ ಆಸ್ಪತ್ರೆಗಳಲ್ಲಿ ಮಾರನೇ ದಿನ ಇನ್ನೊಮ್ಮೆ ಅದೇ ಪರೀಕ್ಷೆ ಮಾಡುತ್ತಾರೆ, ಮೊದಲ ದಿನ ತಪ್ಪಿಹೋದದ್ದು ಆಗ ಸಿಗುತ್ತದೆ.

ತಲೆಯದು ಇನ್ನೂ ಮೋಸ. ಕಿವಿಯ ಮೇಲ್ಭಾಗದಲ್ಲಿ ತಲೆಬುರುಡೆ ತೆಳ್ಳಗಿದೆ, ಅದರ ಒಳಗೋಡೆಗೆ ಅಂಟಿಕೊಂಡೇ ಒಂದು ರಕ್ತನಾಳ ಓಡುತ್ತದೆ. ಬುರುಡೆ ಬಿರುಕು ಬಿಟ್ಟು ಆ ನಾಳ ಹರಿದರೆ ಒಳಗೆ ರಕ್ತ ತುಂಬುತ್ತಾ ಹೋಗುತ್ತದೆ. ಆದರೆ ಎಚ್ಚರ ತಪ್ಪಿದ್ದವನು ಎದ್ದು ಕೂತು, ಟೀ ಕುಡಿದು, 'ಏನೂ ಆಗಿಲ್ಲ ಬಿಡಣ್ಣ' ಅನ್ನಬಹುದು. ಕೆಲವು ಗಂಟೆಗಳ ನಂತರ ತಲೆನೋವು ಏರುತ್ತದೆ, ವಾಂತಿ, ಮಂಪರು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದು. ಬಾಯಲ್ಲಿ ಸಾರಾಯಿ ವಾಸನೆ ಇದ್ದರಂತೂ ಮುಗಿಯಿತು, 'ಕುಡಿದಿದ್ದಾನೆ, ಮಲಗಲಿ ಬಿಡಿ' ಅನ್ನುತ್ತಾರೆ. ಕುಡಿದವನಿಗೂ ಬುರುಡೆ ಒಡೆಯುತ್ತದೆ.

ಹಾಗಾಗಿ ಬಿದ್ದವನನ್ನು ಕೈ ಕಾಲು ಹಿಡಿದು ಆಟೋಗೆ ತುಂಬಬೇಡಿ, ಬೆನ್ನು ಮುರಿದಿದ್ದರೆ ಒಳಗಿನ ನರಕ್ಕೆ ಪೆಟ್ಟಾಗುವುದು ಆಗಲೇ. 108ಕ್ಕೆ ಫೋನ್ ಮಾಡಿ, ಅಲ್ಲಾಡಿಸದೆ ಕಾಯಿರಿ. ಡಾಕ್ಟರಿಗೆ ಎಷ್ಟು ಎತ್ತರ, ಕೆಳಗೆ ಏನಿತ್ತು, ಯಾವ ಭಾಗ ಮೊದಲು ತಾಗಿತು, ಎಚ್ಚರ ತಪ್ಪಿತ್ತಾ ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲು ಬರೆದುಕೊಳ್ಳುವ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಅಂದರೆ ಬರೀ ದಾಖಲೆ, ಯಾರ ಮೇಲೂ ತೀರ್ಪಲ್ಲ. ಪೊಲೀಸ್ ಕೆಲಸ ಮುಗಿಯಲಿ ಅಂತ ತುರ್ತು ಚಿಕಿತ್ಸೆ ತಡಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಇನ್ನು ಲೇಬರ್ ಕಾರ್ಡ್ ಇದ್ದವನಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ಅಪಘಾತದ ನೆರವು ಕೇಳುವ ಹಕ್ಕಿದೆ. ಕೇಸ್ ಶೀಟಿನಲ್ಲಿ 'ಮೆಟ್ಟಿಲಲ್ಲಿ ಜಾರಿ' ಅಂತ ಬರೆಸಿಬಿಟ್ಟರೆ, ಆ ದುಡ್ಡು ಕೇಳಲು ಹೋದ ದಿನ ಅದೇ ಕಾಗದ ಅಡ್ಡ ಬರುತ್ತದೆ.