ಒಂದೇ ಬಾವಿಯ ನೀರು, ಎರಡು ಲ್ಯಾಬ್, ಎರಡು ಉತ್ತರ

ಪ್ರಶ್ನೆ: ಪೆಟ್ರೋಲ್ ಬಂಕಿನ ಹಿಂದೆಯೇ ನಮ್ಮ ಅಡಿಕೆ ತೋಟ, ತೋಟದಲ್ಲೊಂದು ಬಾವಿ. ಮಳೆ ಹಿಡಿದ ಮೇಲೆ ನೀರಿಗೆ ಏನೋ ಔಷಧಿಯಂಥ ವಾಸನೆ. ಒಂದು ಲ್ಯಾಬ್ ಲೀಟರಿಗೆ 90 ಮೈಕ್ರೋಗ್ರಾಂ ಎಂಟಿಬಿಇ ಇದೆ ಎಂದಿತು, ಇನ್ನೊಂದು ‘ಪತ್ತೆಯಾಗಿಲ್ಲ’ ಎಂದು ಬರೆದುಕೊಟ್ಟಿತು. ಯಾವುದನ್ನು ನಂಬೋದು? (ಶಿವಮೊಗ್ಗ ಜಿಲ್ಲೆಯ ಓದುಗರು)

ಉತ್ತರ: ಅಂಕಿ ಆಮೇಲೆ ನೋಡೋಣ, ಮೊದಲು ವರದಿಯಲ್ಲಿ ‘ವಿಧಾನ’ ಎಂಬ ಕಾಲಂ ಹುಡುಕಿ. ಯಾವ ಲ್ಯಾಬೂ ಸುಳ್ಳು ಹೇಳದೆಯೇ ಉತ್ತರ ಎರಡಾಗಬಹುದು.

ಎಂಟಿಬಿಇ ಎಂದರೆ ಪೆಟ್ರೋಲಿನ ಆಕ್ಟೇನ್ ಏರಿಸಲು ಬೆರೆಸುವ ಒಂದು ಈಥರ್. ಒಂದು ಲೀಟರ್ ನೀರಿನಲ್ಲಿ ಸುಮಾರು 50 ಗ್ರಾಂ ಕರಗುತ್ತದೆ. ಪೆಟ್ರೋಲಿನದೇ ಇನ್ನೊಂದು ಅಂಶವಾದ ಬೆಂಜೀನ್ ಎರಡು ಗ್ರಾಂ ಕೂಡ ಕರಗದು. ಎಂಟಿಬಿಇ ಮಣ್ಣಿಗೂ ಅಷ್ಟಾಗಿ ಅಂಟುವುದಿಲ್ಲ. ಹಾಗಾಗಿ ಟ್ಯಾಂಕ್ ಸೋರಿದರೆ ಬಾವಿಗೆ ಮೊದಲು ಬರುವುದು ಇದೇ. ನೀರನ್ನು ಇಷ್ಟು ಹಚ್ಚಿಕೊಂಡ ವಸ್ತುವನ್ನು ನೀರಿನಿಂದ ಬಿಡಿಸಿ ಅಳೆಯುವುದೇ ಲ್ಯಾಬಿನ ತಲೆನೋವು.

ಜನ ಮೊದಲು ಮಾಡಿಸುವ ‘ಎಣ್ಣೆ ಮತ್ತು ಜಿಡ್ಡು’ ಪರೀಕ್ಷೆಯಿಂದ ಇಲ್ಲಿ ಪ್ರಯೋಜನವಿಲ್ಲ. ಅದರಲ್ಲಿ ದ್ರಾವಕದಿಂದ ಎಣ್ಣೆ ಎಳೆದು, ದ್ರಾವಕವನ್ನು ಕಾಯಿಸಿ ಆರಿಸಿ, ಉಳಿದದ್ದನ್ನು ತೂಗುತ್ತಾರೆ. 55 ಡಿಗ್ರಿಗೇ ಕುದಿಯುವ ಎಂಟಿಬಿಇ ಅಷ್ಟರಲ್ಲಿ ಹಾರಿಹೋಗಿರುತ್ತದೆ. ಕುಡಿಯುವ ನೀರಿನ ಮಾನಕ ಐಎಸ್ 10500ರಲ್ಲಿ ಖನಿಜ ತೈಲಕ್ಕೆ ಲೀಟರಿಗೆ 0.5 ಮಿಲಿಗ್ರಾಂ ಮಿತಿ ಇದೆ, ಎಂಟಿಬಿಇ ಹೆಸರೇ ಇಲ್ಲ. ಬಾಯಿಬಿಟ್ಟು ಕೇಳದೆ ಯಾರೂ ಅದನ್ನು ಅಳೆಯುವುದಿಲ್ಲ.

ಅಳೆಯುವುದು ಗ್ಯಾಸ್ ಕ್ರೊಮ್ಯಾಟೋಗ್ರಾಫಿನಲ್ಲಿ, ಅಂದರೆ ಆವಿಯಲ್ಲಿ ಬೆರೆತದ್ದನ್ನು ಬೇರೆ ಬೇರೆ ಮಾಡುವ ಉಪಕರಣದಲ್ಲಿ. ಸಾಮಾನ್ಯವಾಗಿ 5 ಮಿಲಿಲೀಟರ್ ನೀರಿನೊಳಗೆ ನಿಮಿಷಕ್ಕೆ 40 ಮಿಲಿಲೀಟರಿನಂತೆ ಸುಮಾರು 11 ನಿಮಿಷ ಹೀಲಿಯಂ ಊದುತ್ತಾರೆ. ಹೊರಟ ಆವಿ ಒಂದು ಕೊಳವೆಯಲ್ಲಿ ಸಿಕ್ಕಿಬೀಳುತ್ತದೆ. ಅದನ್ನು ಕಾಯಿಸಿದಾಗ ಎಲ್ಲವೂ ಕಾಲಮ್ ಎಂಬ ಉದ್ದನೆಯ ಸಣ್ಣ ಕೊಳವೆಗೆ ಹೋಗಿ, ಒಂದೊಂದೂ ತನ್ನ ಸಮಯಕ್ಕೆ ಹೊರಬರುತ್ತದೆ. ಇದು ಪರ್ಜ್ ಅಂಡ್ ಟ್ರ್ಯಾಪ್. ಇಲ್ಲಿಯವರೆಗೆ ಎರಡು ಲ್ಯಾಬಿನ ದಾರಿ ಒಂದೇ ಇರಬಹುದು. ಕವಲೊಡೆಯುವುದು ಹೊರಬಂದದ್ದನ್ನು ಗುರುತಿಸುವ ಡಿಟೆಕ್ಟರಿನಲ್ಲಿ.

ಪಿಐಡಿ ಮತ್ತು ಎಫ್‌ಐಡಿ ಅಗ್ಗದ ಡಿಟೆಕ್ಟರುಗಳು, ಮೊದಲನೆಯದು ಬೆಳಕಿನಿಂದ, ಎರಡನೆಯದು ಜ್ವಾಲೆಯಿಂದ ಆವಿಯನ್ನು ಗುರುತಿಸುತ್ತದೆ. ಇವಕ್ಕೆ ಗೊತ್ತಾಗುವುದು ‘ಈ ಹೊತ್ತಿಗೆ ಏನೋ ಬಂತು’ ಎಂದಷ್ಟೆ. ಪೆಟ್ರೋಲಿನಲ್ಲಿರುವ ಮೀಥೈಲ್‌ಪೆಂಟೇನ್‌ಗಳು ಹೆಚ್ಚುಕಡಿಮೆ ಎಂಟಿಬಿಇ ಹೊತ್ತಿಗೇ ಹೊರಬರುತ್ತವೆ. ನೀರಿನಲ್ಲಿ ಪೆಟ್ರೋಲ್ ಜಾಸ್ತಿ ಇದ್ದರೆ ಅವು ಗ್ರಾಫಿನಲ್ಲಿ ಮೂಡಿಸಿದ ಗುಡ್ಡವನ್ನೇ ಎಂಟಿಬಿಇ ಎಂದು ಬರೆದುಬಿಡುವ ಅಪಾಯವಿದೆ. ನಿಮ್ಮ 90 ಹೀಗೆ ಹುಟ್ಟಿದ ಅಂಕಿ ಆಗಿರಬಹುದು. ಮಾಸ್ ಸ್ಪೆಕ್ಟ್ರೋಮೀಟರ್ ಅಣುವನ್ನು ಒಡೆದು ಚೂರುಗಳನ್ನು ತೂಗುತ್ತದೆ: ಅಣುತೂಕದ ಲೆಕ್ಕದಲ್ಲಿ ಎಂಟಿಬಿಇಯ ಮುಖ್ಯ ಚೂರು 73, ಬೆಂಜೀನಿನದು 78. ಸಮಯವೂ ಚೂರೂ ಎರಡೂ ಹೊಂದಿದರೆ ಮಾತ್ರ ಹೆಸರು. ಬಂಕಿನ ಪಕ್ಕದ ನೀರಿಗೆ ಇದೇ ಸರಿ. ಪಿಐಡಿಗೆ ದುಡ್ಡು ಕೊಟ್ಟು, ಅದನ್ನು ಖಚಿತ ಮಾಡಿಕೊಳ್ಳಲು ಮತ್ತೆ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡುವುದರಲ್ಲಿ ಯಾವ ಉಳಿತಾಯವೂ ಇಲ್ಲ.

ಹಾಗೆಂದು ‘ಪತ್ತೆಯಾಗಿಲ್ಲ’ ಎಂಬುದನ್ನೂ ಹಾಗೇ ನುಂಗಬೇಡಿ. ಎಷ್ಟರ ಕೆಳಗೆ ಪತ್ತೆಯಾಗಿಲ್ಲ? ಪೆಟ್ರೋಲಿನ ಬೆಂಜೀನ್, ಟಾಲುಯಿನ್ ವಿಪರೀತ ಇದ್ದರೆ ಉಪಕರಣ ಕೆಡದಿರಲೆಂದು ನೀರನ್ನು ನೂರು ಪಟ್ಟು ತೆಳುಮಾಡುತ್ತಾರೆ. ಆಗ 1 ಮೈಕ್ರೋಗ್ರಾಂ ಇದ್ದ ಪತ್ತೆ ಮಿತಿ 100 ಆಗುತ್ತದೆ. 90 ಇದ್ದರೂ ಕಾಣದು! ಅಮೆರಿಕದ ಪರಿಸರ ಸಂಸ್ಥೆ 1997ರಲ್ಲಿ ವಾಸನೆ, ರುಚಿಯ ಆಧಾರದಲ್ಲಿ ಸೂಚಿಸಿದ ಮಟ್ಟವೇ 20ರಿಂದ 40 ಮೈಕ್ರೋಗ್ರಾಂ. ಅದಕ್ಕಿಂತ ಮೇಲಿನ ಪತ್ತೆ ಮಿತಿಯ ವರದಿಯಿಂದ ನಿಮಗೆ ಉಪಯೋಗವಿಲ್ಲ.

ಇನ್ನೊಂದು ಎಡವಟ್ಟು ಬಾಟಲಿಯಲ್ಲೇ ಆಗುತ್ತದೆ. ಬ್ಯಾಕ್ಟೀರಿಯಾ ತಿಂದುಹಾಕದಿರಲೆಂದು ಮಾದರಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸುವುದು ವಾಡಿಕೆ. ಬೆಂಜೀನಿಗೆ ತೊಂದರೆಯಿಲ್ಲ. ಆದರೆ ಅದೇ ಹುಳಿ ನೀರನ್ನು ಲ್ಯಾಬಿನಲ್ಲಿ 80 ಡಿಗ್ರಿಗೆ ಕಾಯಿಸಿದರೆ ಎಂಟಿಬಿಇ ಒಡೆದು ಟಿಬಿಎ ಎಂಬ ಆಲ್ಕೊಹಾಲ್ ಆಗುತ್ತದೆ. ಕಾಯಿಸುವುದೇಕೆ ಎಂದರೆ, ಟಿಬಿಎ ನೀರಿನಲ್ಲಿ ಪೂರ್ತಿ ಬೆರೆಯುವ ವಸ್ತು, ತಣ್ಣಗಿದ್ದರೆ ಊದಿದರೂ ಸರಿಯಾಗಿ ಹೊರಬರದು. ಪರಿಣಾಮ, ಎಂಟಿಬಿಇ ಕಡಿಮೆ ತೋರಿ, ಬಾವಿಯಲ್ಲಿ ಇಲ್ಲದ ಟಿಬಿಎ ವರದಿಯಲ್ಲಿ ಕಾಣುತ್ತದೆ. ಪರಿಹಾರ: ಆಮ್ಲದ ಬದಲು ಟ್ರೈಸೋಡಿಯಂ ಫಾಸ್ಫೇಟ್, 40 ಮಿಲಿಲೀಟರ್ ಬಾಟಲಿಗೆ ಸುಮಾರು 0.4 ಗ್ರಾಂ, ಪಿಎಚ್ 11 ದಾಟುತ್ತದೆ. ನಮ್ಮ ಜಂಬಿಟ್ಟಿಗೆ ನೆಲದ ಕಬ್ಬಿಣದ ನೀರಿಗೆ ಹಾಕಿದರೆ ಕಂದು ಗಸಿ ಕೂರಬಹುದು. ಲ್ಯಾಬಿಗೆ ಮೊದಲೇ ತಿಳಿಸಿ.

ನೀರು ತುಂಬುವಾಗ ಕೊಡಪಾನದಿಂದ ಸುರಿಯಬೇಡಿ, ಸುರಿದಷ್ಟೂ ಆವಿ ಹೋಗುತ್ತದೆ. ಬೋರ್‌ವೆಲ್ ಆದರೆ ಓವರ್‌ಹೆಡ್ ಟ್ಯಾಂಕಿಗೆ ಹೋಗುವ ಮುಂಚೆಯೇ, ಪಂಪು ಸ್ವಲ್ಪ ಹೊತ್ತು ಓಡಿದ ಮೇಲೆ, ಸಣ್ಣ ಧಾರೆಯಲ್ಲಿ ಹಿಡಿಯಿರಿ. ಬಾಟಲಿ ಕಂಠಮಟ್ಟ ತುಂಬಿ, ಮುಚ್ಚಿ, ತಲೆಕೆಳಗೆ ಮಾಡಿ ನೋಡಿ. ಗುಳ್ಳೆ ಕಂಡರೆ ಮತ್ತೆ ಹೊಸದಾಗಿ ಹಿಡಿಯಿರಿ. ಡೀಸೆಲ್ ಪಂಪ್‌ಸೆಟ್ ಪಕ್ಕದಲ್ಲಿ ಬೇಡ. ಲ್ಯಾಬಿನಿಂದ ಶುದ್ಧ ನೀರು ತುಂಬಿದ ಬಾಟಲಿಯೊಂದನ್ನು ತರಿಸಿ, ತೆರೆಯದೆ ಮಾದರಿಯ ಜೊತೆಗೇ ವಾಪಸು ಕಳಿಸಿ. ಅದರಲ್ಲೂ ಪೆಟ್ರೋಲ್ ಸಿಕ್ಕಿದರೆ ದಾರಿಯಲ್ಲೋ ಲ್ಯಾಬಿನಲ್ಲೋ ಸೇರಿದ್ದು ಎಂದರ್ಥ. ಐಸ್ ಡಬ್ಬಿಯಲ್ಲಿ 4 ಡಿಗ್ರಿ ಆಸುಪಾಸು ಇಟ್ಟು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಕಳಿಸಬಹುದು. ಏನೂ ಹಾಕದಿದ್ದರೆ 7 ದಿನ, ಸಂರಕ್ಷಕ ಹಾಕಿದ್ದರೆ 14 ದಿನದೊಳಗೆ ಪರೀಕ್ಷೆ ಆಗಬೇಕು.

ಎಥನಾಲ್ ಬಗ್ಗೆಯೂ ಒಂದು ಮಾತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಅದೇ ಅಲ್ಲವೇ, ಅದನ್ನೇ ಹುಡುಕಿದರಾಯಿತು ಎನಿಸಬಹುದು. ಆದರೆ ಊದುವ ವಿಧಾನಕ್ಕೆ ಅದು ಸುಲಭಕ್ಕೆ ಸಿಗದು. ನೀರನ್ನೇ ನೇರ ಕಾಲಮ್ಮಿಗೆ ಚುಚ್ಚಿ ಎಫ್‌ಐಡಿಯಲ್ಲಿ ನೋಡಬೇಕು. ಬ್ಯಾಕ್ಟೀರಿಯಾಗಳು ಅದನ್ನು ಬೇಗ ತಿಂದು ಮುಗಿಸುತ್ತವೆ, ಜೊತೆಗೆ ನೀರಿನ ಆಮ್ಲಜನಕವನ್ನೂ. ಬೆಂಜೀನನ್ನು ತಿನ್ನಲು ಆಮ್ಲಜನಕ ಸಾಲದೆ, ಅದು ಆಗ ಇನ್ನಷ್ಟು ದಿನ ಉಳಿಯುತ್ತದೆ. ಎಥನಾಲ್ ಇಲ್ಲ ಎಂದ ಮಾತ್ರಕ್ಕೆ ಸೋರಿಕೆ ಇಲ್ಲ ಎಂದಲ್ಲ.

ನಿಮ್ಮ ವಿಷಯದಲ್ಲಿ: ಎರಡೂ ಲ್ಯಾಬಿಗೆ ಡಿಟೆಕ್ಟರ್ ಯಾವುದು, ಎಷ್ಟು ಪಟ್ಟು ತೆಳುಮಾಡಿದಿರಿ, ಬಾಟಲಿಗೆ ಏನು ಹಾಕಿದಿರಿ ಎಂದು ಕೇಳಿ. ಉತ್ತರ ತಡವರಿಸಿದರೆ ಹೊಸ ಮಾದರಿ ಹಿಡಿದು, ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್ ಮಾನ್ಯತೆಯ ಪಟ್ಟಿಯಲ್ಲಿ ಎಂಟಿಬಿಇ ಇರುವ ಲ್ಯಾಬಿನಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಮೂಲಕ ಎಂಟಿಬಿಇ, ಟಿಬಿಎ, ಬೆಂಜೀನ್ ಮೂರನ್ನೂ ಮಾಡಿಸಿ. ಅಂತರ್ಜಲ ಏರಿದಾಗ ಮಣ್ಣಿಗೆ ಹಿಡಿದ ಪೆಟ್ರೋಲ್ ಮತ್ತೆ ನೀರಿಗಿಳಿಯುತ್ತದೆ, ಜೋರು ಮಳೆಯಲ್ಲಿ ತೆಳುವೂ ಆಗುತ್ತದೆ. ಆದ್ದರಿಂದ ಮಳೆ ಮುಗಿದ ಮೇಲೆ ಒಮ್ಮೆ, ಬೇಸಿಗೆ ಕೊನೆಗೆ ಇನ್ನೊಮ್ಮೆ. ಅಲ್ಲಿಯವರೆಗೆ ಆ ಬಾವಿಯ ನೀರು ಕುಡಿಯಲಿಕ್ಕೂ ಅಡುಗೆಗೂ ಬೇಡ.