‘ಪಿ ವ್ಯಾಲ್ಯೂ 0.17 ಬಂದಿದೆ, ಅಬ್‌ಸ್ಟ್ರಾಕ್ಟ್ ಕಳಿಸಲೋ ಬೇಡವೋ?’

ಪ್ರಶ್ನೆ: ಶಸ್ತ್ರಚಿಕಿತ್ಸೆಯ ಗಾಯಕ್ಕೆ ಎರಡು ಬಗೆಯ ಡ್ರೆಸ್ಸಿಂಗ್ ಹೋಲಿಸಿ ಥೀಸಿಸ್ ಮಾಡಿದ್ದೇನೆ. ಪಿ ವ್ಯಾಲ್ಯೂ 0.17 ಬಂತು. ಸಿಗ್ನಿಫಿಕೆಂಟ್ ಬರದಿದ್ದರೆ ಕಾನ್ಫರೆನ್ಸಿಗೆ ತೆಗೆದುಕೊಳ್ಳುವುದಿಲ್ಲ ಅಂತ ಸೀನಿಯರ್‌ಗಳು ಹೇಳುತ್ತಾರೆ. ಕಳಿಸಲೋ, ಡೇಟಾದಲ್ಲಿ ಬೇರೆ ಏನಾದರೂ ಸಿಗುತ್ತದಾ ನೋಡಲೋ?

ಉತ್ತರ: ಅಬ್‌ಸ್ಟ್ರಾಕ್ಟ್, ಅಂದರೆ ಅಧ್ಯಯನದ ಸಾರಾಂಶ, ಕಳಿಸಿ. ಬೇರೆ ಏನನ್ನೂ ಹುಡುಕಬೇಡಿ.

ಕೊನೆಯ ದಿನಾಂಕ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಎಷ್ಟು ಸಲ ಉತ್ತರಿಸಿದರೂ ಮುಂದಿನ ಬ್ಯಾಚಿಗೆ ಅದೇ ತಪ್ಪು ಮಾತು ದಾಟಿಹೋಗಿರುತ್ತದೆ. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಉದಾಹರಣೆಗೆ, ಗುಂಪಿಗೆ 60 ಜನ ಅಂದುಕೊಳ್ಳಿ. ಹೊಸ ಡ್ರೆಸ್ಸಿಂಗ್‌ನಲ್ಲಿ 9 ಜನಕ್ಕೆ ಸೋಂಕು, ಅಂದರೆ 15%. ಹಳೆಯದರಲ್ಲಿ 15 ಜನಕ್ಕೆ, 25%. ಪಿ ವ್ಯಾಲ್ಯೂ 0.17. ಅಂದರೆ ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ 17%. ಅದು 0.05ಕ್ಕಿಂತ ಕಡಿಮೆ ಇದ್ದರೆ ‘ಸಿಗ್ನಿಫಿಕೆಂಟ್’ ಅನ್ನುವುದು ರೂಢಿ. ಇದನ್ನು ನೋಡಿ ‘ಎರಡರ ನಡುವೆ ವ್ಯತ್ಯಾಸವಿಲ್ಲ’ ಅಂತ ಬರೆಯುತ್ತಾರಲ್ಲ, ಅದೇ ತಪ್ಪು. ವ್ಯತ್ಯಾಸ ಕಣ್ಣೆದುರಿಗೇ ಇದೆ: ನೂರಕ್ಕೆ ಹತ್ತು. ಅದರ 95% ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) ಲೆಕ್ಕ ಹಾಕಿದರೆ ಒಂದು ತುದಿಯಲ್ಲಿ ಹೊಸ ಡ್ರೆಸ್ಸಿಂಗ್‌ನಿಂದ ಸೋಂಕು ನೂರಕ್ಕೆ 24ರಷ್ಟು ಕಡಿಮೆ, ಇನ್ನೊಂದು ತುದಿಯಲ್ಲಿ 4ರಷ್ಟು ಹೆಚ್ಚು. ಅಂದರೆ ಈ ಅಧ್ಯಯನಕ್ಕೆ ತೀರ್ಪು ಕೊಡುವ ಬಲ ಸಾಲಲಿಲ್ಲ. 25ಕ್ಕೂ 15ಕ್ಕೂ ಇರುವ ಅಂತರವನ್ನು 80% ಪವರ್‌ನಲ್ಲಿ, ಅಂದರೆ ಹತ್ತರಲ್ಲಿ ಎಂಟು ಸಲ, ಹಿಡಿಯಲು ಗುಂಪಿಗೆ ಸುಮಾರು 250 ಜನ ಬೇಕು. 60 ಜನ ಸಾಲದೆ ಹೋದದ್ದು ಡ್ರೆಸ್ಸಿಂಗ್‌ನ ದೋಷವಲ್ಲ, ‘ನೆಗೆಟಿವ್’ ಅನ್ನುವ ಹಣೆಪಟ್ಟಿಯೂ ಇದಕ್ಕೆ ಸಲ್ಲದು.

ಆದ್ದರಿಂದ ರಿಸಲ್ಟ್ಸ್ ಭಾಗದಲ್ಲಿ ‘ಪಿ > 0.05’ ಅಂತಲೋ ‘ಎನ್‌ಎಸ್’ (ನಾಟ್ ಸಿಗ್ನಿಫಿಕೆಂಟ್) ಅಂತಲೋ ಬರೆದು ಕೈತೊಳೆದುಕೊಳ್ಳಬೇಡಿ. 9/60, 15/60, ವ್ಯತ್ಯಾಸ, ಇಂಟರ್ವಲ್, ಪಿ = 0.17: ಐದೂ ಒಂದೇ ವಾಕ್ಯದಲ್ಲಿ ಹಿಡಿಯುತ್ತವೆ. ಟ್ರಯಲ್‌ಗಳ ಅಬ್‌ಸ್ಟ್ರಾಕ್ಟ್ ಹೇಗಿರಬೇಕು ಅಂತ 2008ರಲ್ಲಿ ಬಂದ ಕನ್ಸಾರ್ಟ್ ಪಟ್ಟಿ ಕೇಳುವುದೂ ಇದನ್ನೇ: ಪ್ರತಿ ಗುಂಪಿನ ಫಲಿತಾಂಶ, ಪರಿಣಾಮದ ಅಳತೆ, ಅದರ ನಿಖರತೆ. ಪಿ ವ್ಯಾಲ್ಯೂ ಇಷ್ಟಕ್ಕಿಂತ ಕಡಿಮೆ ಇರಲೇಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ ಹೆಲ್ಸಿಂಕಿ ಘೋಷಣೆಯಂತೂ ನೆಗೆಟಿವ್ ಫಲಿತಾಂಶವನ್ನೂ, ತೀರ್ಮಾನಕ್ಕೆ ಬಾರದ ಫಲಿತಾಂಶವನ್ನೂ ಬಹಿರಂಗಪಡಿಸಲೇಬೇಕು ಅನ್ನುತ್ತದೆ. ಇಷ್ಟೊಂದು ಜನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ನಿಮ್ಮ ಅಧ್ಯಯನಕ್ಕೆ ಬಂದಿದ್ದಾರೆ. ಅವರಿಂದ ಸಿಕ್ಕ ಮಾಹಿತಿ ಬೀರುವಿನಲ್ಲಿ ಕೂರಬಾರದು.

ಇನ್ನು ‘ಬೇರೆ ಏನಾದರೂ ನೋಡಲೋ’ ಅನ್ನುವ ಮಾತು. ಮಧುಮೇಹಿಗಳಲ್ಲಿ ಮಾತ್ರ, ಹೆಂಗಸರಲ್ಲಿ ಮಾತ್ರ, ಏಳನೇ ದಿನ ಮಾತ್ರ ಅಂತ ಹುಡುಕುತ್ತಾ ಹೋದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದರೆ, ನಿಜವಾಗಿ ಎಲ್ಲೂ ವ್ಯತ್ಯಾಸ ಇಲ್ಲದಿದ್ದರೂ ಒಂದಾದರೂ 0.05ಕ್ಕಿಂತ ಕೆಳಗೆ ಬೀಳುವ ಸಾಧ್ಯತೆ 64%. ಅದನ್ನೇ ಮುಖ್ಯ ಫಲಿತಾಂಶ ಅಂತ ಮುಂದಿಟ್ಟರೆ ಸಿಕ್ಕಿಬೀಳುತ್ತೀರಿ. ನಿಮ್ಮ ಪ್ರೈಮರಿ ಔಟ್‌ಕಮ್ (ಮೊದಲೇ ನಿಗದಿ ಮಾಡಿದ ಮುಖ್ಯ ಫಲಿತಾಂಶ) ಏನೆಂದು, ಭಾರತದ ಟ್ರಯಲ್‌ಗಳನ್ನು ನೋಂದಾಯಿಸುವ ಸಿಟಿಆರ್‌ಐ ಜಾಲತಾಣದಲ್ಲಿ ನೀವೇ ನಮೂದಿಸಿದ್ದೀರಿ, ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಅಂದಹಾಗೆ, ಮುಂದಿನ ಬ್ಯಾಚಿನವರು ಗಮನಿಸಿ: 2018ರ ಏಪ್ರಿಲ್ 1ರಿಂದ ಅಲ್ಲಿ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ನೋಂದಣಿ ಆಗಿರಬೇಕು. ಅಬ್‌ಸ್ಟ್ರಾಕ್ಟ್ ಬರೆಯಲು ಕೂತಾಗ ನೆನಪಾದರೆ ಏನೂ ಮಾಡಲಾಗದು.

ಹಾಗಾದರೆ ರಿಜೆಕ್ಟ್ ಆಗುವುದು ಯಾವುದಕ್ಕೆ? ಹೆಚ್ಚಾಗಿ ಸಣ್ಣಪುಟ್ಟದಕ್ಕೇ. ‘ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು’ ಅನ್ನುವ ವಾಕ್ಯ ಕಂಡರೆ ರಿವ್ಯೂವರ್ ಅಂಕ ಕೊಡಲು ಅಲ್ಲಿ ಏನೂ ಉಳಿಯುವುದಿಲ್ಲ. ಮೆಥಡ್ಸ್‌ನಲ್ಲಿ 120 ಜನ, ರಿಸಲ್ಟ್ಸ್‌ನಲ್ಲಿ 114 ಜನ, ಉಳಿದ ಆರು ಮಂದಿ ಏನಾದರು ಅನ್ನುವುದಕ್ಕೆ ಒಂದು ಪದವೂ ಇಲ್ಲ. ಹೆಸರು ಮುಚ್ಚಿ ರಿವ್ಯೂ ಮಾಡುವ ಕಡೆ ಮೆಥಡ್ಸ್‌ನ ಮೊದಲ ಸಾಲಲ್ಲೇ ಆಸ್ಪತ್ರೆಯ ಹೆಸರು. 250 ಪದದ ಮಿತಿಯಲ್ಲಿ 110 ಪದ ಪೀಠಿಕೆಗೇ ಹೋಗಿ ರಿಸಲ್ಟ್ಸ್‌ಗೆ ಜಾಗವೇ ಇಲ್ಲ. ಪೀಠಿಕೆಗೆ ಎರಡು ವಾಕ್ಯ ಸಾಕು. ರಿಸಲ್ಟ್ಸನ್ನೇ ಮೊದಲು ಬರೆಯಿರಿ, ಅರ್ಧದಷ್ಟು ಜಾಗ ಅದಕ್ಕೇ ಇರಲಿ. ಮಿತಿ ಪದದಲ್ಲೋ ಅಕ್ಷರದಲ್ಲೋ, ಶೀರ್ಷಿಕೆ ಮತ್ತು ಖಾಲಿ ಜಾಗ ಲೆಕ್ಕಕ್ಕಿವೆಯೋ ಅಂತ ಮೊದಲೇ ನೋಡಿಕೊಳ್ಳಿ. ವರ್ಡ್‌ನಿಂದ ಅಂಟಿಸಿದಾಗ ± ಮತ್ತು ≤ ಚಿಹ್ನೆಗಳು ಪ್ರಶ್ನಾರ್ಥಕ ಚಿಹ್ನೆಯಾಗಿಬಿಡುವುದುಂಟು. ಪ್ರಿವ್ಯೂ ತೆರೆದು ಓದಿಯೇ ಸಬ್ಮಿಟ್ ಒತ್ತಿ. ವಿದೇಶದ ಸಮ್ಮೇಳನವಾದರೆ ಗಡಿಯಾರವನ್ನೂ ನೋಡಿ: ನ್ಯೂಯಾರ್ಕಿನ ರಾತ್ರಿ 11.59 ಅಂದರೆ ನಮಗೆ ಮರುದಿನ ಬೆಳಿಗ್ಗೆ 9.29, ಅಲ್ಲಿನ ಚಳಿಗಾಲದಲ್ಲಾದರೆ 10.29. ಗೈಡ್‌ಗೆ ಕರಡು ಕೊಡುವುದು ಮಾತ್ರ ಹತ್ತು ದಿನ ಮುಂಚೆ. ಸಹಲೇಖಕರೆಲ್ಲರ ಒಪ್ಪಿಗೆ ಬೇಕು, ಅದು ಒಂದೇ ರಾತ್ರಿಯಲ್ಲಿ ಸಿಗುವುದಿಲ್ಲ.

ನೀವು ಕೇಳಿಲ್ಲ, ಆದರೂ ಇದನ್ನೊಂದು ಹೇಳಿಬಿಡುತ್ತೇನೆ. ಪೋಸ್ಟರ್ ಹಾಕಿದ ಮೇಲೆ ‘ಆಗಲೇ ಪ್ರಕಟವಾಯಿತು, ಇನ್ನು ಜರ್ನಲ್‌ನವರು ತೆಗೆದುಕೊಳ್ಳುವುದಿಲ್ಲ’ ಅಂತ ಕೈಬಿಡುವವರಿದ್ದಾರೆ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮದಲ್ಲೇ ಇದಕ್ಕೆ ಉತ್ತರವಿದೆ: ಸಮ್ಮೇಳನದ ಅಬ್‌ಸ್ಟ್ರಾಕ್ಟ್, ಪೋಸ್ಟರ್ ಪೂರ್ವಪ್ರಕಟಣೆ ಅನ್ನಿಸಿಕೊಳ್ಳುವುದಿಲ್ಲ. ಆದರೂ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆಯ ಪ್ರಕಾರ ಸಮ್ಮೇಳನಕ್ಕೆ ಬಂದ ಅಬ್‌ಸ್ಟ್ರಾಕ್ಟ್‌ಗಳಲ್ಲಿ ಪೂರ್ಣ ಲೇಖನವಾದವು ನೂರಕ್ಕೆ 37ರಷ್ಟು ಮಾತ್ರ, ಅದರಲ್ಲೂ ಪಾಸಿಟಿವ್ ಫಲಿತಾಂಶದವೇ ಹೆಚ್ಚು. ನಿಮ್ಮ 0.17 ಆ ಕಳೆದುಹೋದ ರಾಶಿಗೆ ಸೇರದಿರಲಿ. ಜರ್ನಲ್‌ಗೆ ಕಳಿಸುವಾಗ ಕವರಿಂಗ್ ಲೆಟರ್‌ನಲ್ಲಿ ಸಮ್ಮೇಳನದ ಹೆಸರು, ವರ್ಷ ತಿಳಿಸಿ. ಸಮ್ಮೇಳನದವರು ಅಬ್‌ಸ್ಟ್ರಾಕ್ಟ್ ಬದಲು ನಾಲ್ಕೈದು ಪುಟದ ಲೇಖನವನ್ನೇ ಪ್ರೊಸೀಡಿಂಗ್ಸ್‌ನಲ್ಲಿ (ಸಮ್ಮೇಳನದ ಸಂಪುಟದಲ್ಲಿ) ಹಾಕುತ್ತೇವೆ ಅಂದರೆ ಮಾತು ಬೇರೆ. ಅದಕ್ಕೆ ಹೂಂ ಅನ್ನುವ ಮುಂಚೆ ಜರ್ನಲ್ ಸಂಪಾದಕರಿಗೆ ಒಂದು ಮೇಲ್ ಹಾಕಿ ಕೇಳಿ.