ಚೀಟಿಯಲ್ಲಿ ಬಂದ ವಚನ: ಒಂದು ಹಳೆಯ ವಿವಾದ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಯುವ ಹೊತ್ತಿಗೆ ನಮ್ಮ ಅನೇಕ ಕ್ರೈಸ್ತ ಸಭೆಗಳಲ್ಲಿ ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡುಗಳ ತಟ್ಟೆ ಸಾಲಿನಿಂದ ಸಾಲಿಗೆ ಹೋಗುತ್ತದೆ. ನೋಡದೆ ಒಂದನ್ನು ಎತ್ತಬೇಕು. ಬಂದ ವಚನವೇ ಆ ವರ್ಷಕ್ಕೆ ದೇವರು ತನಗೆ ಹೇಳಿದ ಮಾತು ಎಂದು ಗೋಡೆಗೆ ಅಂಟಿಸಿಕೊಳ್ಳುವವರುಂಟು, ಇದು ಶಕುನ ನೋಡಿದಂತಲ್ಲವೇ ಎಂದು ಮುಖ ಸಿಂಡರಿಸುವವರೂ ಉಂಟು. ಈ ಜಗಳಕ್ಕೆ ಸಾವಿರದೈನೂರು ವರ್ಷ ಮೀರಿದ ವಯಸ್ಸಿದೆ.

ಯೇಸುವಿಗೆ ದ್ರೋಹ ಬಗೆದ ಶಿಷ್ಯ ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಿದ್ದು ಚೀಟು ಹಾಕಿಯೇ (ಅಪೊಸ್ತಲರ ಕೃತ್ಯಗಳು 1:26). ಆದರೆ ಮುಂದಿನ ಅಧ್ಯಾಯದಲ್ಲಿ ಪವಿತ್ರಾತ್ಮ ಇಳಿದು ಬಂದ ಮೇಲೆ ಶಿಷ್ಯರು ಮತ್ತೆ ಚೀಟು ಹಾಕಿದ್ದು ಎಲ್ಲೂ ಕಾಣುವುದಿಲ್ಲ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ 'ತೆಗೆದು ಓದು' ಎಂಬ ಮಗುವಿನ ದನಿ ಕೇಳಿ, ಮುಂದೆ ಸಭೆಯ ದೊಡ್ಡ ಗುರುವಾದ ಅಗಸ್ಟೀನರು ಪೌಲನ ಪತ್ರಗಳ ಪುಸ್ತಕ ತೆರೆದರು. ಕಣ್ಣಿಗೆ ಬಿದ್ದ ರೋಮಾಪುರದವರಿಗೆ 13:13 ಅವರ ಬದುಕನ್ನೇ ತಿರುಗಿಸಿತು. ಅದೇ ಅಗಸ್ಟೀನರು ಬಿಷಪ್ ಆದ ಮೇಲೆ, ಲೌಕಿಕ ವ್ಯವಹಾರಕ್ಕೆ ಸುವಾರ್ತೆಯ ಪುಟ ತೆರೆದು ನೋಡುವುದು ತಮಗೆ ಹಿಡಿಸದು ಎಂದು ಬರೆದರು. 506ರಲ್ಲಿ ಇಂದಿನ ಫ್ರಾನ್ಸಿನ ಆಗ್ಡ್‌ನಲ್ಲಿ ಕೂಡಿದ ಬಿಷಪ್ಪರು ಅದಕ್ಕೆ ಬಹಿಷ್ಕಾರದ ಶಿಕ್ಷೆಯನ್ನೇ ಇಟ್ಟರು.

ರೂಢಿ ನಿಲ್ಲಲಿಲ್ಲ. ಅದಕ್ಕೊಂದು ಕ್ರಮ ಕೊಟ್ಟವರು ಜರ್ಮನಿಯ ಹೆರ್ನ್‌ಹೂಟ್‌ನ ಮೊರೇವಿಯನ್ನರು ಎಂಬ ಪ್ರೊಟೆಸ್ಟಂಟ್ ಪಂಗಡದವರು. 1728ರ ಮೇ 3ರ ಸಂಜೆ ಅವರ ಮುಖಂಡ ಕೌಂಟ್ ಜಿನ್ಜೆಂಡಾರ್ಫ್ ಮರುದಿನದ ಧ್ಯಾನಕ್ಕೊಂದು ಸಾಲು ಕೊಟ್ಟರು. ಮುಂದೆ ದಿನದ ವಚನವನ್ನು ಬೆಳಿಗ್ಗೆ ಮನೆಮನೆಗೆ ಮುಟ್ಟಿಸುವುದೇ ವಾಡಿಕೆಯಾಯಿತು. 1731ರಿಂದ ಅದು ವರ್ಷಕ್ಕೊಂದು ಪುಸ್ತಕ. ಈಗಲೂ ಹಳೆ ಒಡಂಬಡಿಕೆಯ ವಚನ ಚೀಟಿಯಿಂದ ಬರುತ್ತದೆ, ಹೊಸ ಒಡಂಬಡಿಕೆಯದನ್ನು ಮಾತ್ರ ಯೋಚಿಸಿ ಹೊಂದಿಸುತ್ತಾರೆ. ಮದುವೆಗೂ ಅವರಲ್ಲಿ ಚೀಟಿ ಎತ್ತುತ್ತಿದ್ದರು: ಹೌದು, ಇಲ್ಲ, ಖಾಲಿ. ಖಾಲಿ ಬಂದರೆ ಕಾಯಬೇಕು. ಸಾಮಾನ್ಯ ಸದಸ್ಯರಿಗೆ ಈ ಕಟ್ಟು ಸಡಿಲವಾದದ್ದು 1818ರಲ್ಲಿ.

ಎಡವಟ್ಟು ಹೇಗಾಗುತ್ತದೆ ಎಂಬುದಕ್ಕೆ, ಮುಂದೆ ಮೆಥೋಡಿಸ್ಟ್ ಪಂಥ ಹುಟ್ಟುಹಾಕಿದ ಪಾದ್ರಿ ಜಾನ್ ವೆಸ್ಲಿಯವರೇ ಸಾಕ್ಷಿ. 1737ರ ಮಾರ್ಚ್‌ನಲ್ಲಿ, ಜಾರ್ಜಿಯಾದ ಸವಾನಾದಲ್ಲಿ, ಸೋಫಿ ಹಾಪ್ಕಿಯನ್ನು ಮದುವೆಯಾಗಬೇಕೇ ಎಂದು ಮೂರು ಚೀಟಿ ಬರೆದರು: ಆಗು, ಈ ವರ್ಷ ಬೇಡ, ಆ ಯೋಚನೆಯನ್ನೇ ಬಿಡು. ಮೂರನೆಯದು ಬಂತು. ಕೆಲವೇ ದಿನಗಳಲ್ಲಿ ಆಕೆ ಬೇರೊಬ್ಬರ ಕೈ ಹಿಡಿದಳು. ಆಗಸ್ಟ್‌ನಲ್ಲಿ ವೆಸ್ಲಿ ಆಕೆಗೆ ಕರ್ತನ ಭೋಜನ ನಿರಾಕರಿಸಿದರು, ವಿಷಯ ಕೋರ್ಟಿಗೆ ಹೋಯಿತು, ಡಿಸೆಂಬರಿನಲ್ಲಿ ಊರು ಬಿಟ್ಟರು. ಚೀಟಿ ಉತ್ತರ ಕೊಟ್ಟಿತ್ತು, ಮನಸ್ಸು ತಿಳಿಯಾಗಿರಲಿಲ್ಲ.

ಆ ಮನಸ್ಸಿಗೇ ಕೈಹಾಕಿದವರು ಕ್ಯಾಥೊಲಿಕರ ಯೇಸುಸಭೆಯ (ಜೆಸ್ಯುಯಿಟ್) ಸ್ಥಾಪಕ ಇಗ್ನೇಷಿಯಸ್ ಲೊಯೋಲಾ, ಅದೂ ವೆಸ್ಲಿಗಿಂತ ಸುಮಾರು ಇನ್ನೂರು ವರ್ಷ ಮೊದಲು. ಒಳಗೆ ಕತ್ತಲು ಕವಿದಾಗ, ನೆಮ್ಮದಿಯಲ್ಲಿ ಮಾಡಿದ ತೀರ್ಮಾನವನ್ನು ಬದಲಿಸಬೇಡ ಎಂಬುದು ಅವರ ನಿಯಮ. ಪಂಥ ಯಾವುದೇ ಇರಲಿ, ಇದು ಉಪಯೋಗಕ್ಕೆ ಬರುತ್ತದೆ. 1640ರ ದಶಕದಲ್ಲಿ ಇಂಗ್ಲೆಂಡಿನ ಪ್ರೊಟೆಸ್ಟಂಟರು ಬರೆದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಕಟನೆ, ದೇವರು ತನ್ನ ಚಿತ್ತ ತಿಳಿಸುತ್ತಿದ್ದ ಹಳೆಯ ಬಗೆಗಳು ನಿಂತವು, ಇನ್ನು ಬೈಬಲೇ ಎಂದಿತು. 1906ರ ಲಾಸ್ ಏಂಜಲಿಸ್ ಉಜ್ಜೀವನದ ದಾರಿಯಲ್ಲಿ ಬಂದ ಪೆಂತೆಕೊಸ್ತ ಸಭೆಗಳು ಇದನ್ನು ಒಪ್ಪುವುದಿಲ್ಲ, ಪ್ರವಾದನೆ ಈಗಲೂ ಉಂಟು ಎನ್ನುತ್ತವೆ. ಆದರೂ ಪ್ರವಾದನೆ ಹೇಳುವವರು ಇಬ್ಬರು ಮೂವರಿರಲಿ, ಉಳಿದವರು ತೂಗಿ ನೋಡಲಿ ಎಂಬ 1 ಕೊರಿಂಥ 14:29 ಅವರಿಗೂ ಅನ್ವಯಿಸುತ್ತದೆ.

ಕಾರ್ಡುಗಳಲ್ಲಿ ಪದೇಪದೇ ಬರುವ ಯೆರೆಮೀಯ 29:11ನ್ನೇ ತೂಗಿ ನೋಡಿ. ನಿಮಗೆ ಹಿತವನ್ನೇ ಯೋಚಿಸಿದ್ದೇನೆ ಎಂಬ ಮಾತು ಅದು. ಬರೆದದ್ದು ಬಾಬೆಲಿಗೆ ಸೆರೆಹೋದವರಿಗೆ. ಐದನೇ ವಚನ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ ಎನ್ನುತ್ತದೆ. ಹತ್ತನೆಯದು ಬಿಡುಗಡೆಗೆ ಎಪ್ಪತ್ತು ವರ್ಷ ಎನ್ನುತ್ತದೆ. ಎರಡೇ ವರ್ಷ ಸಾಕು ಎಂದು ದೇವರ ಹೆಸರಿನಲ್ಲೇ ಹೇಳಿದ್ದವನು ಹಿಂದಿನ ಅಧ್ಯಾಯದ ಸುಳ್ಳು ಪ್ರವಾದಿ ಹನನ್ಯ.